ಬದುಕಿದ್ದವರ ತಿಥಿ

2025ರ ಆಗಸ್ಟ್ ಮೊದಲ ವಾರ ‘ಸು ಫ್ರಮ್ ಸೋ’ ಸಿನಿಮಾಕ್ಕೆ ಹೋದಾಗ ನಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸೊಬ್ಬರು ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು. ಕೆಮ್ಮು ನಿಲ್ಲದೆ ನನ್ನ ಭುಜ ತಟ್ಟಿ ನೀರಿನ ಬಾಟಲಿ ಇಸ್ಕೊಂಡರು. ಕುಡಿದು ವಾಪಸ್ ಕೊಡುವಷ್ಟರಲ್ಲಿ ಪರದೆಯ ಮೇಲೆ ಬಾವ ಬಂದ, ಇವರು ಮತ್ತೆ ಶುರು ಮಾಡಿದರು. ಮೈಸೂರಿನ ಮಾಲೊಂದರ ಥಿಯೇಟರಿನಲ್ಲಿ ಗುರುತು ಪರಿಚಯ ಇಲ್ಲದವರು ಒಂದೇ ಬಾಟಲಿಯಿಂದ ಎತ್ತಿ ಕುಡಿದದ್ದನ್ನು ನೋಡಿ ಎಷ್ಟು ವರ್ಷವಾಗಿತ್ತೋ. ಪಕ್ಕದಲ್ಲಿದ್ದ ನಮ್ಮ ಮನೆಯವರಂತೂ ಕಣ್ಣೀರು ಒರೆಸಿಕೊಳ್ಳಲು ಕನ್ನಡಕ ತೆಗೆದವರು ಮತ್ತೆ ಹಾಕಿಕೊಳ್ಳಲೇ ಇಲ್ಲ.

ಜುಲೈ 25ಕ್ಕೆ ತೆರೆಗೆ ಬಂದ ಈ ಸಿನಿಮಾದಲ್ಲಿ ಕಟೌಟು ನಿಲ್ಲಿಸುವಂಥ ನಾಯಕನಿಲ್ಲ. ಬರೆದು, ನಿರ್ದೇಶಿಸಿ, ಅಶೋಕನ ಪಾತ್ರವನ್ನೂ ಮಾಡಿದವರು ಜೆ.ಪಿ. ತೂಮಿನಾಡು. ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲಿ ಒಬ್ಬರು, ಜೊತೆಗೆ ಕರುಣಾಕರ ಗುರೂಜಿ ಅನ್ನೋ ದೆವ್ವ ಬಿಡಿಸುವವರ ವೇಷದಲ್ಲಿ ಬಂದುಹೋಗುತ್ತಾರೆ. ನೋಡಿದವರು ನೋಡದವರಿಗೆ ಹೇಳಿ ಹೇಳಿಯೇ ಓಡಿದ ಸಿನಿಮಾ ಇದು. ನನಗೆ ಹೇಳಿದ್ದು ನಮ್ಮ ಸ್ಟಾಫ್ ರೂಮಿನ ಉಡುಪಿ ಕಡೆಯ ಸಹೋದ್ಯೋಗಿ. “ಎಂತದೂ ಕೇಳ್ಬೇಡಿ ಮಾರಾಯ್ರೆ, ಸುಮ್ಮನೆ ಹೋಗಿ” ಅಂದರು, ಹೋದೆವು.

ಕಥೆ ಹೇಳಿಬಿಡುತ್ತೇನೆ, ನೋಡಿಲ್ಲದವರು ಕ್ಷಮಿಸಬೇಕು. ಕರಾವಳಿಯ ಒಂದು ಸಣ್ಣ ಊರು. ಅಶೋಕ ಹುಡುಗಿಯೊಬ್ಬಳ ಬಚ್ಚಲಿಗೆ ಇಣುಕಲು ಹೋಗಿ ಸಿಕ್ಕಿಬೀಳುತ್ತಾನೆ. ತಪ್ಪಿಸಿಕೊಳ್ಳಲು ಮೈಮೇಲೆ ಏನೋ ಬಂದವನ ಹಾಗೆ ಆಡುತ್ತಾನೆ. ಊರು ಅದನ್ನು ನಂಬಿಬಿಡುತ್ತದೆ. ಬಂದವಳು ಯಾರು ಅಂತ ಶೋಧ ನಡೆದು, ಸೋಮೇಶ್ವರದ ಸುಲೋಚನ ಅಂತ ತೀರ್ಮಾನವೂ ಆಗಿಬಿಡುತ್ತದೆ. ಸೋಮೇಶ್ವರದಿಂದ ಬಂದ ಸುಲೋಚನಳೇ ‘ಸು ಫ್ರಮ್ ಸೋ’. ಅಲ್ಲಿಂದ ಮುಂದೆ ರವಿಯಣ್ಣ ಅನ್ನೋ ಊರಿನ ಹಿರೀಮನುಷ್ಯನ ಯಜಮಾನಿಕೆ, ಆಟೋ ಚಂದ್ರಣ್ಣನ ಗಡಿಬಿಡಿ, ಕುಡುಕ ಬಾವನ ಆಗಮನ, ಗುರೂಜಿಯ ವ್ಯಾಪಾರ. ಯಾರೂ ನಗಿಸಲೆಂದು ಮುಖ ಕಿವುಚುವುದಿಲ್ಲ. ಎಲ್ಲರೂ ತಂತಮ್ಮ ಕೆಲಸವನ್ನು ಬಹಳ ಗಂಭೀರವಾಗಿ ಮಾಡುತ್ತಾರೆ, ನಗು ತಾನಾಗಿ ಹುಟ್ಟುತ್ತದೆ.

ಸ್ಕೂಟರಿನಲ್ಲಿ ವಾಪಸ್ ಬರುವಾಗ ಹಿಂದೆ ಕೂತ ಮಗಳು ಕೇಳಿದಳು. ಅವಳಿಗೀಗ ಹದಿನಾರು. “ಅಮ್ಮ, ಇಣುಕಿದ್ದು ಅವನು. ದೆವ್ವ ಅಂದ ತಕ್ಷಣ ಇಡೀ ಊರು ಅವನನ್ನೇ ಆರೈಕೆ ಮಾಡೋಕೆ ನಿಂತ್ಬಿಡ್ತಲ್ಲ.”

ಸಿಗ್ನಲ್ ಬಿಟ್ಟಿತು. ಉತ್ತರ ಕೊಡದೆ ಪಾರಾದೆ.

ಸಿನಿಮಾಕ್ಕೆ ಅನ್ಯಾಯ ಮಾಡಬಾರದು, ಅದು ಈ ಪ್ರಶ್ನೆಯನ್ನು ಪೂರ್ತಿ ಮರೆತಿಲ್ಲ. ಸುಲೋಚನಳಿಗೆ ಭಾನು ಅನ್ನೋ ಮಗಳಿದ್ದಾಳೆ, ಮನೆಯೊಳಗಿನವನೊಬ್ಬನೇ ಅವಳ ಪಾಲಿನ ದೆವ್ವವಾಗಿದ್ದಾನೆ. ಅಶೋಕನ ನಾಟಕ ಕಡೆಗೆ ಇವಳನ್ನು ಉಳಿಸುವ ಉಪಾಯವಾಗುತ್ತದೆ. ಮೊದಲರ್ಧದ ಓಟಕ್ಕೆ ಹೋಲಿಸಿದರೆ ಇಲ್ಲಿ ಸ್ವಲ್ಪ ಅವಸರ ಇದೆ, ಭಾವುಕತೆಯ ಪಾಕ ಒಂದೆಳೆ ಜಾಸ್ತಿಯೇ ಆಗಿದೆ ಅನ್ನಿಸಿತು. ಆದರೆ ಒಂದು ಯೋಚನೆ ಮನೆಗೆ ಬಂದ ಮೇಲೂ ಬಿಡಲಿಲ್ಲ: ಬದುಕಿರುವ ಭಾನು ಬಾಯಿಬಿಟ್ಟರೆ ಕೇಳುವವರಿಲ್ಲ, ಸತ್ತ ಸುಲೋಚನ ಮಾತಾಡಿದರೆ ಊರೇ ಕೈಕಟ್ಟಿ ನಿಲ್ಲುತ್ತದೆ. ಅದೂ ಆ ಮಾತು ಗಂಡಸಿನ ಗಂಟಲಿನಿಂದ ಬರಬೇಕು.

ಅಕ್ಟೋಬರ್ 2ಕ್ಕೆ, ವಿಜಯದಶಮಿಯ ದಿನವೇ ‘ಕಾಂತಾರ: ಚಾಪ್ಟರ್ 1’ ಬಂತು. ಅವತ್ತು ಮೈಸೂರಿನವರು ಜಂಬೂಸವಾರಿ ನೋಡಬೇಕೋ ಸಿನಿಮಾ ನೋಡಬೇಕೋ? ನೆಂಟರನ್ನೆಲ್ಲ ಸಾಗಹಾಕಿ ಎರಡು ದಿನ ಬಿಟ್ಟು ಹೋದೆವು. ಟಿಕೆಟ್ ದರ 200 ರೂಪಾಯಿ ದಾಟಬಾರದು ಅಂತ ಸರ್ಕಾರ ಸೆಪ್ಟೆಂಬರಿನಲ್ಲಿ ನಿಯಮ ಮಾಡಿತ್ತು, ಆ ತಿಂಗಳು ಮುಗಿಯುವ ಮೊದಲೇ ಹೈಕೋರ್ಟಿನಿಂದ ಅದಕ್ಕೆ ತಡೆಯೂ ಬಂತು. ಹಾಗಾಗಿ ನಮ್ಮ ಜೇಬಿಗೆ ಯಾವ ತಡೆಯೂ ಸಿಗಲಿಲ್ಲ. ಸಿನಿಮಾ ಕಣ್ಣಿಗೆ ಹಬ್ಬ, ಅದರಲ್ಲಿ ಎರಡು ಮಾತಿಲ್ಲ. ಛಾಯಾಗ್ರಾಹಕ ಅರವಿಂದ್ ಕಶ್ಯಪ್ ಕಾಡನ್ನು ಹಿಡಿದಿರುವ ರೀತಿ, ರುಕ್ಮಿಣಿ ವಸಂತ್ ಅವರ ಕನಕವತಿ ನಡುವೆ ಎಲ್ಲೋ ಬಣ್ಣ ಬದಲಿಸುವ ರೀತಿ ಎರಡೂ ಇಷ್ಟವಾದವು. ಕಿವಿಗೆ ಮಾತ್ರ ಹಬ್ಬ ಮುಗಿಯಲೇ ಇಲ್ಲ. 2022ರ ‘ಕಾಂತಾರ’ದಲ್ಲಿ ನನಗೆ ಹಿಡಿಸಿದ್ದು ಒಂದು ಸಣ್ಣ ಸಂಗತಿ: ಅಲ್ಲಿ ನಾಯಕನಾಗಲಿ ಅವನಪ್ಪನಾಗಲಿ ಸಾಯುವುದಿಲ್ಲ, ಕಾಡಿಗೆ ಓಡಿ ಮಾಯವಾಗುತ್ತಾರೆ. ಅಪ್ಪ ಮಾಯ, ಕಡೆಗೆ ಮಗನೂ ಮಾಯ. ಹಿಂದೆ ಉಳಿಯುವುದು ಒಂದು ಕೂಗು.

ಒಂದೇ ತುಳುನಾಡು, ಎರಡು ಸಿನಿಮಾ. ಒಂದರಲ್ಲಿ ಹೋದ ಗಂಡಸು ದೈವ, ಇನ್ನೊಂದರಲ್ಲಿ ಹೋದ ಹೆಂಗಸು ದೆವ್ವ. ಇದನ್ನೇ ಸ್ಟಾಫ್ ರೂಮಿನಲ್ಲಿ ಹೇಳಿದ್ದಕ್ಕೆ ಉಡುಪಿಯವರು ನನ್ನನ್ನು ಸರಿಯಾಗಿ ತರಾಟೆಗೆ ತಗೊಂಡರು. “ನಮ್ಮ ಕಲ್ಲುರ್ಟಿ ದೈವ ಯಾರು ಹಾಗಾದ್ರೆ, ಹೆಂಗಸಲ್ವಾ? ಅಣ್ಣನ ಕೈಕಾಲು ಕಡಿಸಿದ ಅರಸನನ್ನು ಸುಮ್ಮನೆ ಬಿಟ್ಟಳಾ ಅವಳು?” ನಿಜ. ನಮ್ಮ ಕಡೆ ಸತ್ತವರು ಸತ್ತರು, ಹನ್ನೊಂದು ದಿನಕ್ಕೆ ಲೆಕ್ಕ ಚುಕ್ತಾ. ಅವರ ಕಡೆ ಮದುವೆಯಾಗದೆ ಹೋದ ಮಕ್ಕಳಿಗೆ ಆಟಿ ತಿಂಗಳಲ್ಲಿ ಹೆಣ್ಣು-ಗಂಡು ನೋಡಿ ಕುಲೆ ಮದಿಮೆ ಅಂತ ಮದುವೆಯನ್ನೇ ಮಾಡುತ್ತಾರೆ. ಸತ್ತವರಿಗೆ ಅಲ್ಲಿ ವಯಸ್ಸಾಗುತ್ತದೆ, ಹಟ ಇರುತ್ತದೆ, ಮರ್ಯಾದೆ ಇರುತ್ತದೆ. ನನ್ನ ಮಾತನ್ನು ಅರ್ಧ ವಾಪಸ್ ತಗೊಂಡೆ. ಇನ್ನರ್ಧ ಇಲ್ಲಿದೆ.

ನವೆಂಬರಿನಲ್ಲಿ ಗಡ್ಡಪ್ಪ ತೀರಿಕೊಂಡ ಸುದ್ದಿ ಬಂತು. ‘ತಿಥಿ’ ಸಿನಿಮಾದ ಗಡ್ಡಪ್ಪ, ಚನ್ನೇಗೌಡರು. ಅದೇ ತಿಂಗಳು ನಮ್ಮ ತಾತನ ತಮ್ಮ, ನಾವು ಸಣ್ಣತಾತ ಅನ್ನುತ್ತಿದ್ದವರು, ಊರಲ್ಲಿ ಹೋದರು. ಎಂಬತ್ತೆಂಟು ವರ್ಷ, ಹಿಂದಿನ ಸಂಜೆಯವರೆಗೂ ಜಗಲಿ ಮೇಲೆ ಎಲೆ ಅಡಿಕೆ ಕುಟ್ಟುತ್ತಾ ಕೂತಿದ್ದವರು. ಅಳುವಂಥ ಸಾವಲ್ಲ. ಮಂಡ್ಯ ಕಡೆ ಇಂಥ ತಿಥಿ ಅರ್ಧ ಜಾತ್ರೆ. ಎರಡು ಕುರಿ, ಮುದ್ದೆ, ಮನೆ ಮುಂದೆ ಶಾಮಿಯಾನ, ಎಷ್ಟು ಜನ ಉಂಡರು ಅನ್ನೋದರ ಮೇಲೆ ಸತ್ತವರ ಘನತೆ. ರಾತ್ರಿ ಪಾತ್ರೆ ತೊಳೆದು ಎಲ್ಲ ಕಾಲು ಚಾಚಿ ಕೂತಾಗ ದೊಡ್ಡಪ್ಪನ ಮಗ ಫೋನಿನಿಂದ ಟಿವಿಗೆ ‘ತಿಥಿ’ ಹಾಕಿದ.

“ಬೆಳಗಿಂದ ತಿಥಿ ಮಾಡಿ ಸಾಕಾಗ್ನಿಲ್ವೇನ್ಲಾ ನಿಂಗೆ?” ಅಂದರು ಅತ್ತೆ. ನಮ್ಮಪ್ಪನ ಅಕ್ಕ, ಎಪ್ಪತ್ತಾರು ವರ್ಷ. ಬೈದರೂ ಎದ್ದು ಹೋಗಲಿಲ್ಲ, ದಿಂಬು ಗೋಡೆಗೆ ಒರಗಿಸಿಕೊಂಡರು.

ನಾನು ಈ ಸಿನಿಮಾ ಮೊದಲು ನೋಡಿದ್ದು 2016ರಲ್ಲಿ, ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ. ಆಗಲೇ ಅದಕ್ಕೆ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂದಿತ್ತು, ರಾಷ್ಟ್ರಪ್ರಶಸ್ತಿಯೂ ಬಂದಿತ್ತು. ನಟರಲ್ಲದ ಹಳ್ಳಿಯ ಜನರನ್ನೇ ಇಟ್ಟುಕೊಂಡು ರಾಮ್ ರೆಡ್ಡಿ ಮಾಡಿದ ಸಿನಿಮಾ, ಕಥೆಯಲ್ಲಿ ಜೊತೆಯಾದ ಈರೇಗೌಡರ ಊರು ನೊದೆಕೊಪ್ಪಲೇ ಅದರ ನೆಲ. ಥಿಯೇಟರು ಭರ್ತಿಯಾಗಿತ್ತು. ಶುರುವಿನಲ್ಲೇ ಸೆಂಚುರಿ ಗೌಡ ದಾರಿಯಲ್ಲಿ ಹೋಗಿ ಬರುವವರನ್ನೆಲ್ಲ ಬೈಯುತ್ತಾ ಕೂತಿರುತ್ತಾನಲ್ಲ, ಅಲ್ಲಿಂದಲೇ ನಗು. ಗಡ್ಡಪ್ಪ ಜೇಬಿನಿಂದ ಬ್ರಾಂದಿ ತೆಗೆದಾಗಲೆಲ್ಲ ನಗು. ಯಾರು ಬಾಯಿಬಿಟ್ಟರೂ, ಬರೀ ಆ ಮಾತಿನ ಧಾಟಿಗೇ ನಗು. ನಾನೂ ನಕ್ಕೆ. ಹುಟ್ಟಿದಾಗಿನಿಂದ ಆಡಿದ ಮಾತು, ಬೆಂಗಳೂರಿಗೆ ಓದಲು ಹೋದ ಮೊದಲ ವರ್ಷವೇ ಹಾಸ್ಟೆಲಿನಲ್ಲಿ ಮಡಚಿಟ್ಟ ಮಾತು, ಅದಕ್ಕೆ ಪಕ್ಕದವರ ಜೊತೆ ಸೇರಿ ನಾನೂ ನಕ್ಕಿದ್ದೆ ಅನ್ನೋದು ಆವತ್ತು ಹೊಳೆದಿರಲಿಲ್ಲ.

ಊರಿನ ನಡುಮನೆಯಲ್ಲಿ ಈ ಯಾವುದಕ್ಕೂ ಯಾರೂ ನಗಲಿಲ್ಲ. ಬೈಗುಳ ಬಂದರೆ ಬೈಗುಳ, ಅದರಲ್ಲೇನು? ಬ್ರಾಂದಿ ಕುಡಿದರೆ ಕುಡಿದ. ನಕ್ಕಿದ್ದು ಬೇರೆ ಕಡೆ. ಗಡ್ಡಪ್ಪನ ಮಗ ತಮ್ಮಣ್ಣ ಜಮೀನು ಮಾರಲು ಒದ್ದಾಡಲು ಶುರು ಮಾಡಿದನೋ ಇಲ್ಲವೋ ಗಂಡಸರೆಲ್ಲ ನೆಟ್ಟಗೆ ಕೂತರು. ಭೂಮಿ ಇನ್ನೂ ಸತ್ತುಹೋದ ತಾತ ಸೆಂಚುರಿ ಗೌಡನ ಹೆಸರಲ್ಲೇ ಇದೆ. ಅದು ಗಡ್ಡಪ್ಪನಿಗೆ ಬಂದು, ಅವನಿಂದ ತಮ್ಮಣ್ಣನಿಗೆ ಬರಬೇಕು. ಗಡ್ಡಪ್ಪನಿಗೋ ಭೂಮಿಯೂ ಬೇಡ, ಕಾಗದವೂ ಬೇಡ, ಯಾವ ಕಚೇರಿಯೂ ಬೇಡ. ದೊಡ್ಡಪ್ಪ ಸೋಫಾದ ತುದಿಗೆ ಬಂದು, “ಅಯ್ಯೋ, ಪೌತಿ ಖಾತೆ ಆಗ್ದೆ ಅದೆಂಗ್ಲಾ ಮಾರೀಯೆ? ವಂಶವೃಕ್ಷ ಮಾಡ್ಸವ್ನಾ?” ಅಂತ ತಮ್ಮಣ್ಣನಿಗೇ ಸಲಹೆ ಕೊಡಲು ಶುರು ಮಾಡಿದರು. ತಮ್ಮಣ್ಣ ಕೈಬಿಸಿ ಮಾಡಿ, ಬದುಕಿರುವ ಅಪ್ಪನಿಗೆ ಮರಣ ಪತ್ರ ಮಾಡಿಸಿ, ಅಪ್ಪನನ್ನು ಊರೂರು ಸುತ್ತಿ ಬಾ ಅಂತ ಬಸ್ಸು ಹತ್ತಿಸುವ ಕಡೆಗಂತೂ ಮನೆ ಹಾರಿಹೋಗುವಷ್ಟು ನಗು. ಅದು ತಮಾಷೆ ಅಂತ ಅಲ್ಲ, ಹಿಂಗೇ ಆಗುತ್ತೆ ಅಂತ. ನಮ್ಮೂರಿನ ಎರಡು ಮೂರು ಕೇಸು ಅಲ್ಲೇ ಹೆಸರು ಸಮೇತ ಬಿಚ್ಚಿಕೊಂಡವು. ಸಿನಿಮಾ ಹತ್ತು ನಿಮಿಷ ನಿಂತಿತು.

ಆಗ ಅತ್ತೆ, ನಗುತ್ತಲೇ, ಟಿವಿ ಕಡೆ ನೋಡುತ್ತಲೇ ಅಂದರು: “ನನ್ನೂ ಹಂಗೇ ಮಾಡಿದ್ರಲ್ಲ ನೀವು.”

“ಏನ್ ಮಾಡಿದ್ವು?” ಅಂದರು ದೊಡ್ಡಪ್ಪ.

“ವಂಶವೃಕ್ಷದಲ್ಲಿ ನನ್ ಹೆಸ್ರೇ ಇಲ್ವಲ್ಲ. ನಾನೂ ಹುಟ್ಟೇ ಇಲ್ಲ ಕನವ್ವ ಈ ಮನೇಲಿ.” ಕಡೆಯ ಮಾತು ನನ್ನ ಕಡೆ ತಿರುಗಿ ಹೇಳಿದ್ದು.

ಎಲ್ಲರೂ ನಕ್ಕರು. ಅತ್ತೆಯೇ ಎಲ್ಲರಿಗಿಂತ ಜೋರಾಗಿ. ದೊಡ್ಡಪ್ಪನೂ ನಕ್ಕು, “ಅದ್ ಆವಾಗಿನ್ ಕಾಲ ಬುಡಕ್ಕ” ಅಂದರು. ಯಾರೋ ರಿಮೋಟ್ ಒತ್ತಿದರು.

ವಂಶವೃಕ್ಷ ಗೊತ್ತಿಲ್ಲದ ಪೇಟೆಯವರಿಗೆ: ಯಜಮಾನ ಸತ್ತಾಗ ಅವನಿಗೆ ಯಾರ್‍ಯಾರು ವಾರಸುದಾರರು ಅಂತ ಕುಟುಂಬದವರು ಬರೆದುಕೊಟ್ಟು, ಕಂದಾಯ ಇಲಾಖೆಯವರು ನೋಡಿ ಮುದ್ರೆ ಒತ್ತುವ ಒಂದು ಹಾಳೆ. ಅದರಲ್ಲಿ ಹೆಸರಿದ್ದರೆ ನೀವುಂಟು. ಹೆಣ್ಣುಮಕ್ಕಳನ್ನು ಅದರಿಂದ ಬಿಟ್ಟುಬಿಡುವುದಕ್ಕೆ ನಮ್ಮ ಕಡೆ ಯಾರೂ ಮೋಸ ಅನ್ನುತ್ತಿರಲಿಲ್ಲ, ‘ಮದ್ವೆ ಮಾಡ್ಕೊಟ್ಟಾಯ್ತಲ್ಲ’ ಅನ್ನುತ್ತಿದ್ದರು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕರ್ನಾಟಕದಲ್ಲಿ 1994ರಲ್ಲಿ ತಿದ್ದುಪಡಿ ಬಂತು, 2005ರಲ್ಲಿ ಇಡೀ ದೇಶಕ್ಕೆ. ಅತ್ತೆಯ ಮದುವೆಯಾಗಿದ್ದು ಇವೆರಡಕ್ಕೂ ಎಷ್ಟೋ ಹಿಂದೆ. ಹಾಳೆಯಿಂದ ಹೆಸರು ಬಿಟ್ಟಿದ್ದು ಮಾತ್ರ ತಾತ ಹೋದ ಮೇಲೆ, ಅಂದರೆ ನನಗೆ ಬುದ್ಧಿ ಬಂದ ಮೇಲೆ.

ಸಿನಿಮಾ ಮುಂದುವರಿಯಿತು. ಗಡ್ಡಪ್ಪ ಕುರಿ ಕಾಯುವವರ ಜೊತೆ ಸೇರಿಕೊಂಡು, ಒಂದು ರಾತ್ರಿ ತನ್ನ ಸಂಸಾರ ಹೇಗೆ ಹಾಳಾಯಿತು, ಅದರಲ್ಲಿ ತನ್ನಪ್ಪನ ಪಾಲೇನು ಅಂತ ಹೇಳಿಕೊಳ್ಳುತ್ತಾನೆ. ಅಪ್ಪ ಸತ್ತರೂ ಇವನ ಕಣ್ಣಲ್ಲಿ ಹನಿ ಯಾಕಿಲ್ಲ ಅನ್ನೋದು ಆಗ ತಿಳಿಯುತ್ತದೆ. 2016ರಲ್ಲಿ ಆ ದೃಶ್ಯಕ್ಕೆ ಥಿಯೇಟರು ಸ್ತಬ್ಧವಾಗಿತ್ತು, ಊರಲ್ಲೂ ಸ್ತಬ್ಧವಾಯಿತು. ಇದೊಂದೇ ಕಡೆ ಎರಡೂ ಜಾಗ ಒಂದಾಗಿದ್ದು. ಆದರೆ ಈ ಸಲ ನನ್ನ ಗಮನ ಆ ಕಥೆಯೊಳಗಿನ ಹೆಂಡತಿಯ ಕಡೆಗೆ ಹೋಯಿತು. ಅವಳ ವಿಷಯ ಹೇಳುವುದಕ್ಕೆ ಗಡ್ಡಪ್ಪ ಇದ್ದಾನೆ. ಅವಳಿಗೇನು ಹೇಳುವುದಿತ್ತು ಅನ್ನೋದು ಯಾರಿಗೂ ಗೊತ್ತಾಗುವುದಿಲ್ಲ. ಅವಳು ಯಾರ ಮೈಮೇಲೂ ಬರಲಿಲ್ಲ.

ಮುಗಿದ ಮೇಲೆ ದೊಡ್ಡಪ್ಪನ ವಿಮರ್ಶೆ: “ಗಡ್ಡಪ್ಪ ಗಂಡ್ಸು. ಬ್ಯಾಡ ಅಂದ್ರೆ ಬ್ಯಾಡ. ‘ಬಂಗಾರದ ಮನುಷ್ಯ’ದಲ್ಲಿ ಅಣ್ಣಾವ್ರು ಎದ್ದೋದ್ರಲ್ಲ, ಹಂಗೆ.” ಹೋಲಿಕೆ ಕೇಳಿ ಮೊಮ್ಮಕ್ಕಳೆಲ್ಲ ಗೊಳ್ಳೆಂದರು. ಬಿಳಿ ಪಂಚೆಯ ರಾಜೀವಪ್ಪನಿಗೂ ಬ್ರಾಂದಿಯ ಗಡ್ಡಪ್ಪನಿಗೂ ಎಲ್ಲಿಯ ಸಾಟಿ? ಆದರೆ ಅದು ಆ ರಾತ್ರಿಯ ಅತ್ಯಂತ ಸರಿಯಾದ ಮಾತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಬಂಜರನ್ನು ಬಂಗಾರ ಮಾಡಿದ ರಾಜೀವ ಕಡೆಗೆ ಅಕ್ಕನ ಮಗನ ಒಂದು ಮಾತಿಗೆ ಎಲ್ಲ ಬಿಟ್ಟು ನಡೆದುಬಿಡುತ್ತಾನೆ. 1972ರ ಸಿನಿಮಾ, ಬೆಂಗಳೂರಿನಲ್ಲಿ ಎರಡು ವರ್ಷ ಓಡಿತು. ಅದನ್ನು ನೋಡಿ ಓದಿದ ಹುಡುಗರು ಹಳ್ಳಿಗೆ ವಾಪಸ್ ಬಂದರು ಅನ್ನೋ ಮಾತು ನಮ್ಮ ಕಡೆ ಎಲ್ಲ ಮನೆಯಲ್ಲೂ ಕೇಳಬಹುದು. ನಮ್ಮ ದೊಡ್ಡಪ್ಪ ಹಾಗೆ ಬಂದವರಲ್ಲ, ಪಿಯುಸಿ ಫೇಲಾಗಿ ಬಂದವರು. ಆದರೂ ಆ ಕೀರ್ತಿ ಬಿಟ್ಟುಕೊಟ್ಟಿಲ್ಲ.

“ನಿಮ್ಗೆ ಯಾವ್ ಪಿಚ್ಚರ್ ಇಷ್ಟ ಅತ್ತೆ?” ಅಂದೆ.

“ಶರಪಂಜರ,” ಅಂದರು, ಯೋಚನೆಯನ್ನೇ ಮಾಡದೆ. “ಟೆಂಟಲ್ಲಿ ಮೂರ್ ಸಲ ನೋಡಿವ್ನಿ. ಆ ಕಲ್ಪನಾ...” ಅಷ್ಟಕ್ಕೆ ನಿಲ್ಲಿಸಿದರು.

ಒಂದು ವರ್ಷದ ಅಂತರದ ಎರಡು ಸಿನಿಮಾ. 1971ರಲ್ಲಿ ಪುಟ್ಟಣ್ಣನವರ ‘ಶರಪಂಜರ’ದ ಕಾವೇರಿ, 1972ರಲ್ಲಿ ಸಿದ್ಧಲಿಂಗಯ್ಯನವರ ರಾಜೀವ. ಮನೆಯವರ ಮಾತು ಇಬ್ಬರಿಗೂ ಚುಚ್ಚುತ್ತದೆ, ಇಬ್ಬರೂ ಮನೆ ಬಿಡುತ್ತಾರೆ. ರಾಜೀವ ದಾರಿ ಹಿಡಿದು ಹೋದ, ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ, ದೇವರಾಗಿಬಿಟ್ಟ. ಕಾವೇರಿ ಹೋದದ್ದು ಮಾನಸಿಕ ಆಸ್ಪತ್ರೆಗೆ. ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಲು ನನಗೆ ನಲವತ್ತೇಳು ವರ್ಷ, ಒಂದು ಬಾಡೂಟ, ಒಬ್ಬ ದೊಡ್ಡಪ್ಪ ಬೇಕಾದರು.

ಮೈಸೂರಿಗೆ ಬಂದ ವಾರ ‘ಘಟಶ್ರಾದ್ಧ’ ಹುಡುಕಿ ನೋಡಿದೆ. ಹಿಂದೆ ಕಾಲೇಜಿನಲ್ಲಿದ್ದಾಗ ಫಿಲ್ಮ್ ಸೊಸೈಟಿಯ ಪ್ರದರ್ಶನದಲ್ಲಿ ನೋಡಿದ್ದೆ. ಅರ್ಥವಾದವರ ಹಾಗೆ ತಲೆಯಾಡಿಸಿ ಬಂದಿದ್ದೆ. ಈ ಸಲ ರಾತ್ರಿ ಹನ್ನೊಂದಕ್ಕೆ ಒಬ್ಬಳೇ, ಇಯರ್‌ಫೋನ್ ಹಾಕಿಕೊಂಡು, ಗೀರುಬಿದ್ದ ಹಳೆಯ ಪ್ರತಿಯಲ್ಲಿ. ಇದರ ನೆಗೆಟಿವ್ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಆ ಹೊಸ ಪ್ರತಿಯನ್ನು ದೊಡ್ಡ ಪರದೆಯಲ್ಲಿ ನೋಡುವ ಆಸೆ ಇನ್ನೂ ಇದೆ.

1977ರಲ್ಲಿ ಇದನ್ನು ಮಾಡಿದಾಗ ಗಿರೀಶ ಕಾಸರವಳ್ಳಿಯವರಿಗೆ ಇಪ್ಪತ್ತಾರು-ಇಪ್ಪತ್ತೇಳು ವರ್ಷ, ಮೊದಲ ಸಿನಿಮಾ. ಸ್ವರ್ಣಕಮಲ ಬಂತು, ಬಿ.ವಿ. ಕಾರಂತರ ಸಂಗೀತಕ್ಕೂ, ನಾಣಿಯ ಪಾತ್ರ ಮಾಡಿದ ಹುಡುಗ ಅಜಿತ್ ಕುಮಾರನಿಗೂ ರಾಷ್ಟ್ರಪ್ರಶಸ್ತಿ ಬಂತು. ಅನಂತಮೂರ್ತಿಯವರ ಕಥೆ. ಮಲೆನಾಡಿನ ಒಂದು ವೇದಪಾಠಶಾಲೆ, ನಡೆಸುವವರು ಉಡುಪರು. ಅವರ ಮಗಳು ಯಮುನ ಬಾಲವಿಧವೆ. ಓದಲು ಬಂದ ಪುಟ್ಟ ನಾಣಿಗೆ ಅವಳೇ ಅಮ್ಮ, ಅಕ್ಕ ಎಲ್ಲ. ಅವಳು ಬಸುರಿಯಾಗುತ್ತಾಳೆ, ಕಾರಣನಾದ ಶಾಲಾಮೇಷ್ಟ್ರು ಊರು ಬಿಟ್ಟು ಹೋಗುತ್ತಾನೆ. ನೋಡಿ, ಇವನೂ ಎದ್ದು ಹೋದವನೇ. ಕಡೆಗೆ ಅಪ್ಪನೇ ಮಡಕೆ ಒಡೆದು, ಬದುಕಿರುವ ಮಗಳ ಶ್ರಾದ್ಧ ಮಾಡಿಬಿಡುತ್ತಾನೆ. ಆಮೇಲೆ ಅದೇ ಅಪ್ಪ ಚಿಕ್ಕ ಹುಡುಗಿಯೊಬ್ಬಳನ್ನು ಮದುವೆಯಾಗುವ ಮಾತು ಕಿವಿಗೆ ಬೀಳುತ್ತದೆ. ತಲೆ ಬೋಳಿಸಿದ ಯಮುನ ಮರದ ಕೆಳಗೆ ಕೂತಿದ್ದಾಳೆ, ಅವಳನ್ನು ದಾಟಿಕೊಂಡು ನಾಣಿಯ ಅಪ್ಪ ನಾಣಿಯನ್ನು ಊರಿಗೆ ಕರೆದುಕೊಂಡು ಹೋಗುತ್ತಿದ್ದಾನೆ.

ಒಂದು ಕಡೆ ಮಡಕೆ, ಇನ್ನೊಂದು ಕಡೆ ಮರಣ ಪತ್ರ. ಇಬ್ಬರೂ ಬದುಕಿದ್ದಾರೆ, ಇಬ್ಬರದೂ ತಿಥಿ ಆಗಿದೆ. ಗಡ್ಡಪ್ಪನಿಗೆ ಸತ್ತದ್ದೇ ಒಳ್ಳೆಯದಾಯಿತು, ಹೇಳುವವರಿಲ್ಲ ಕೇಳುವವರಿಲ್ಲ, ಹೊಲದಿಂದ ಹೊಲಕ್ಕೆ ನಡೆದ. ಯಮುನಳಿಗೆ ಮರದ ನೆರಳಿನಿಂದ ಆಚೆಗೆ ಒಂದು ಹೆಜ್ಜೆಗೂ ಜಾಗವಿಲ್ಲ. ಕಾಲೇಜಿನಲ್ಲಿ ನಾವು ಇದನ್ನು ಒಂದು ಜಾತಿಯ, ಒಂದು ಕಾಲದ ಕ್ರೌರ್ಯ ಅಂತ ಚರ್ಚೆ ಮಾಡಿ, ನಮ್ಮಲ್ಲಿ ಇದೆಲ್ಲ ಇಲ್ಲಪ್ಪ ಅಂತ ಸಮಾಧಾನಪಟ್ಟಿದ್ದೆವು. ನಮ್ಮಲ್ಲಿ ಮಡಕೆ ಒಡೆಯುವುದಿಲ್ಲ ನಿಜ. ಹಾಳೆ ಬರೆಯುತ್ತೇವೆ.

ಇನ್ನೊಂದು ಗಮನಿಸಿದೆ. ‘ಘಟಶ್ರಾದ್ಧ’ ನೋಡುವಾಗ ನಾವು ನಗುವುದಿಲ್ಲ, ಆದರೆ ಸಿನಿಮಾದ ಒಳಗೆ ನಗುವವರಿದ್ದಾರೆ. ಪಾಠಶಾಲೆಯ ದೊಡ್ಡ ಹುಡುಗರು. ನಾಣಿಯನ್ನು ಗೋಳು ಹೊಯ್ದುಕೊಂಡು, ಯಮುನಳ ವಿಷಯ ಪಿಸುಗುಟ್ಟಿ ಅವರು ನಗುವಾಗ ಮೈ ಉರಿಯುತ್ತದೆ. ಇಯರ್‌ಫೋನಿನಲ್ಲಿ ಆ ನಗು ಹತ್ತಿರದಿಂದ ಕೇಳಿತು.

ನಾಣಿಯ ನೆನಪಿಗೆ ಇನ್ನೊಬ್ಬ ಹುಡುಗ ಜೊತೆಯಾಗುತ್ತಾನೆ, ‘ಮಿಥ್ಯ’ದ ಮಿಥುನ್. ಸುಮಂತ್ ಭಟ್ ಅವರ ಸಿನಿಮಾ, ಮಾರ್ಚ್ ತಿಂಗಳಲ್ಲಿ ಬಂದಿತ್ತು. ನಾವು ಹೋದ ಪ್ರದರ್ಶನಕ್ಕೆ ಒಟ್ಟು ಒಂಬತ್ತು ಜನ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹನ್ನೊಂದು ವರ್ಷದವನು ಮುಂಬೈಯಿಂದ ಉಡುಪಿಗೆ, ಚಿಕ್ಕಮ್ಮನ ಮನೆಗೆ ಬರುತ್ತಾನೆ. ಅವನು ಕೋಣೆಗೆ ಕಾಲಿಟ್ಟರೆ ದೊಡ್ಡವರ ದನಿ ಇಳಿಯುತ್ತದೆ. ನಾಣಿಯ ಸುತ್ತಲೂ ಹಾಗೇ. ಸತ್ತವರ ಬಗ್ಗೆ ಮಾತಾಡುವುದಕ್ಕೆ ನಮಗೆ ದೆವ್ವವಾದರೂ ಬೇಕು, ಬಾಡೂಟವಾದರೂ ಬೇಕು. ಎರಡೂ ಇಲ್ಲದಿದ್ದರೆ ಮಿಥುನ್ ಥರ ಸುಮ್ಮನೆ ಮುಖ ಗಂಟಿಕ್ಕಿಕೊಂಡು ಓಡಾಡಬೇಕು. ಚಿಕ್ಕಪ್ಪನಾಗಿ ಪ್ರಕಾಶ್ ತೂಮಿನಾಡು ಇದ್ದಾರೆ, ‘ಸು ಫ್ರಮ್ ಸೋ’ದ ಅದೇ ಆಟೋ 
ಚಂದ್ರಣ್ಣ. ಆ ಮನುಷ್ಯ ಸುಮ್ಮನೆ ನಿಂತರೂ ನಂಬಿಕೆ ಹುಟ್ಟುತ್ತದೆ. ಒಂಬತ್ತು ಜನರಲ್ಲಿ ಇಬ್ಬರು ನಡುವೆ ಎದ್ದು ಹೋದರು. ನನ್ನ ಮಟ್ಟಿಗೆ ಆ ವರ್ಷದ ಒಳ್ಳೆಯ ಕನ್ನಡ ಸಿನಿಮಾ ಅದೇ.

ಅತ್ತೆಯ ಮಾತಿಗೆ ಆವತ್ತು ಎಲ್ಲರ ಜೊತೆ ನಾನೂ ನಕ್ಕೆ, ಅದಕ್ಕೆ ಕಾರಣ ಇದೆ. ಎರಡು ವರ್ಷದ ಹಿಂದೆ ಅಪ್ಪ ಹೋದ ಮೇಲೆ ನಮ್ಮ ಮನೆಯ ವಂಶವೃಕ್ಷದಲ್ಲಿ ನನ್ನ ಹೆಸರು ಇತ್ತು. ಕಾಲ ಬದಲಾಗಿದೆ, ತಮ್ಮನೇ ಬರೆಸಿದ್ದ. ಅದಾಗಿ ಮೂರು ತಿಂಗಳಿಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ, ನನ್ನ ಪಾಲು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರಕ್ಕೆ ನಾನೇ ಸಹಿ ಹಾಕಿದೆ. ಯಾರೂ ಬಲವಂತ ಮಾಡಲಿಲ್ಲ. ತವರಿನ ಬಾಗಿಲು ತೆರೆದಿರಲಿ ಅಂತ ಅಮ್ಮ ಅಂದರು, ಅಷ್ಟೇ. ಕ್ಯಾಮೆರಾ ನೋಡಿ ಅಂದರು, ನೋಡಿದೆ. ಹೆಬ್ಬೆಟ್ಟು ಇಡಿ ಅಂದರು, ಇಟ್ಟೆ, ಯಂತ್ರ ತಗೊಳ್ಳಲಿಲ್ಲ, ಒರೆಸಿ ಇನ್ನೊಂದು ಸಲ ಇಟ್ಟೆ. ಆಮೇಲೆ ಎಲ್ಲರೂ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದೆವು. ತಮ್ಮ ಒಂದು ಒಳ್ಳೆಯ ಮೈಸೂರು ಸಿಲ್ಕ್ ಕೊಡಿಸಿದ. ‘ಸು ಫ್ರಮ್ ಸೋ’ಗೆ ಹೋದಾಗ ಮಳೆಯಿತ್ತು, ಇಲ್ಲದಿದ್ದರೆ ಅದನ್ನೇ ಉಡುವವಳಿದ್ದೆ.

ಸಂಕ್ರಾಂತಿ ರಜೆಯಲ್ಲಿ ಅದೇ ಸಿನಿಮಾವನ್ನು ಮನೆಯಲ್ಲಿ ಇನ್ನೊಮ್ಮೆ ಹಾಕಿದೆವು. ಥಿಯೇಟರಿನಲ್ಲಿ ನಗುವಿನ ಗದ್ದಲದಲ್ಲಿ ಅರ್ಧ ಮಾತು ಕೇಳಿಸಿರಲಿಲ್ಲ, ಈಗ ಕೇಳಿಸಿತು. ಬಾವ ಬಂದಾಗ ಮನೆಯವರು ನಕ್ಕರು, ಕಣ್ಣೀರೇನೂ ಬರಲಿಲ್ಲ. ಹಿಂದಿನ ಸಾಲಿನ ಆ ಹೆಂಗಸು ಇಲ್ಲದೆ ಮೊದಲರ್ಧಕ್ಕೆ ಒಂದು ಚಿಟಿಕೆ ಉಪ್ಪು ಕಮ್ಮಿ. ಅಂಥ ಸಿನಿಮಾವನ್ನು ಜನರ ನಡುವೆಯೇ ನೋಡಬೇಕು. ಆದರೆ ಭಾನು ಬರುವ ಕಡೆ ಮೊದಲು ನನಗೆ ಅವಸರ ಅನ್ನಿಸಿದ್ದು ಈಗ ಹಾಗೆ ಅನ್ನಿಸಲಿಲ್ಲ. ಅಲ್ಲಿ ನಮ್ಮ ಥಿಯೇಟರು ಇನ್ನೂ ಹಿಂದಿನ ನಗುವಿನ ಗುಂಗಿನಲ್ಲಿತ್ತು, ಯಾರೋ ಭಾನುವಿನ ಮಾತಿನ ನಡುವೆಯೇ ಕಿಸಕ್ಕಂದಿದ್ದರು. ಅವಸರ ಸಿನಿಮಾದ್ದಲ್ಲ. ಮಗಳು ಫೋನು ಕೆಳಗಿಟ್ಟು ಆ ಭಾಗ ಪೂರ್ತಿ ನೋಡಿದಳು. “ಈಗ ಓಕೆ,” ಅಂದಳು. ಅವಳ ಕಡೆಯಿಂದ ಇದು ದೊಡ್ಡ ಪ್ರಶಸ್ತಿ. ಅಶೋಕನನ್ನು ಮಾತ್ರ ಇನ್ನೂ ಕ್ಷಮಿಸಿಲ್ಲ.

ಮೊನ್ನೆ ಅತ್ತೆಗೆ ಫೋನ್ ಮಾಡಿದ್ದೆ. ಮಂಡಿನೋವು, ಕಬ್ಬಿನ ಬಿಲ್ಲು, ಸೊಸೆ, ಎಲ್ಲ ಆಯಿತು. ಮಾತಿನ ನಡುವೆ, ಮುಂದಿನ ಸಲ ಬಂದಾಗ ಒಂದು ಹಳೇ ಪಿಚ್ಚರ್ ತೋರಿಸ್ತೀನಿ ಅಂದೆ. ಕಥೆ ಏನು ಅಂದರು. ಬದುಕಿರೋ ಮಗಳಿಗೆ ಅಪ್ಪನೇ ತಿಥಿ ಮಾಡ್ತಾನೆ ಅತ್ತೆ, ಅಂದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಲೈನ್ ಹೋಯಿತೇನೋ ಅಂದುಕೊಂಡೆ.

“ಊಟಕ್ಕೆ ಕರ್ದಿದ್ರಂತಾ ಅವಳ್ನ?” ಅಂದರು.